ಗಂಗೆಯಲ್ಲಿ ನಾನು ಬಿಟ್ಟಿದ್ದು ನವಿಲುಕೋಸು

ಹನ್ನೊಂದು ವರ್ಷ ನಾನು ನನ್ನ ಹೆಂಡತಿಗೆ ಸುಳ್ಳು ಹೇಳಿದ್ದೇನೆ. ಒಂದಲ್ಲ, ಎರಡು. ಮೊದಲನೆಯದನ್ನು ಕಾಶಿಯಲ್ಲಿ, ಗಂಗೆಯೊಳಗೆ ಎದೆಮಟ್ಟ ನೀರಲ್ಲಿ ನಿಂತು, ಕಣ್ಣು ಮುಚ್ಚಿಕೊಂಡು, ಬಾಯಿ ಕೂಡ ತೆರೆಯದೆ ಹೇಳಿದೆ. ಎರಡನೆಯದನ್ನು ಅದಾದ ಮೇಲೆ ಹೆಚ್ಚುಕಮ್ಮಿ ಪ್ರತಿ ಭಾನುವಾರ ಬೆಳಿಗ್ಗೆ, ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳುತ್ತಿದ್ದೆ.

ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಗಂಗೆಯಲ್ಲಿ ಬಿಟ್ಟು ಬರಬೇಕು. ಬಿಟ್ಟ ಮೇಲೆ ಸಾಯುವ ತನಕ ಅದನ್ನು ಮುಟ್ಟುವಂತಿಲ್ಲ. ಬುದ್ಧಿವಂತರು ಹಾಗಲಕಾಯಿ ಬಿಟ್ಟು ಬರುತ್ತಾರೆ, ಅದು ಬೇರೆ ಮಾತು. ನನ್ನ ಹೆಂಡತಿ ಜಯ ಅಂಥ ಬುದ್ಧಿವಂತೆಯಲ್ಲ. ಅವಳು ಬಿಟ್ಟಿದ್ದು ಅವರೆಕಾಯಿಯನ್ನು. ಮೈಸೂರಿನವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಚಳಿ ಶುರುವಾಗಿ ಸೊಗಡವರೆ ಬಂತೆಂದರೆ ಬೆಳಿಗ್ಗೆ ಉಪ್ಪಿಟ್ಟಿಗೆ, ಮಧ್ಯಾಹ್ನ ಹಿತಕಿದ ಬೇಳೆ ಸಾರಿಗೆ, ಸಂಜೆ ಬರಿಯ ಬಾಯಿಗೆ ಅಂತ ತಿನ್ನುತ್ತಿದ್ದ ಹೆಂಗಸು ಅವಳು. ಅದನ್ನು ಬಿಟ್ಟಳು. ಯಾಕೆ ಬಿಟ್ಟಳು ಅಂದರೆ, ನಾನು ಮೀನು ಹಿಡಿಯುವುದನ್ನು ಬಿಡಲಿ ಅಂತ.

ತಿನ್ನುವುದನ್ನಲ್ಲ, ಹಿಡಿಯುವುದನ್ನು. ನಮ್ಮದು ರೈತರ ಮನೆ, ಮೀನಿನ ಸಾರು ಅವಳೇ ಸೊಗಸಾಗಿ ಮಾಡುತ್ತಾಳೆ. ಅವಳಿಗೆ ಭಯವಿದ್ದದ್ದು ನೀರಿನ ಮೇಲೆ. ಅವಳಿಗೆ ಹತ್ತು ವರ್ಷವಾಗಿದ್ದಾಗ ಅವಳ ಅಣ್ಣ ಊರ ನಾಲೆಯಲ್ಲಿ ಮುಳುಗಿ ಹೋದ. ನಾನೋ, ಸರ್ವೇಯರ್ ಕೆಲಸದ ಮೇಲೆ ಊರೂರು ಸುತ್ತಿದವನು, ಎಲ್ಲಿ ನೀರು ಕಂಡರೂ ಗಾಳ ಹಾಕುವವನು. ಒಂದು ಭಾನುವಾರ ಹಿನ್ನೀರಿನಲ್ಲಿ ಕಾಲು ಜಾರಿ, ಕುತ್ತಿಗೆ ತನಕ ಮುಳುಗಿ, ಹೇಗೋ ಎದ್ದು, ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದೆ. ಜಯ ಬೈಯಲಿಲ್ಲ. ಟವೆಲ್ ಕೊಟ್ಟಳು, ಅಷ್ಟೇ. ಮುಂದಿನ ವರ್ಷವೇ ಕಾಶಿಗೆ ಹೊರಡಿಸಿದಳು.

ಗಂಗೆಗೆ ಇಳಿಯುವ ಮುಂಚೆ ಮೆಟ್ಟಿಲ ಮೇಲೆ ಹೇಳಿದಳು: "ನೋಡ್ರೀ, ನಾನು ಪ್ರಾಣದಂಥ ಅವರೆಕಾಯಿ ಬುಡ್ತೀನಿ. ನೀವು ಗಾಳ ಬುಡಿ. ಇಬ್ಬರದೂ ಸಮ ಆಯ್ತದೆ."

ಆಯ್ತು ಅಂದೆ. ನೀರಿಗಿಳಿದೆ. ಮೂರು ಮುಳುಗು. ಮೊದಲ ಎರಡರಲ್ಲಿ ನಿಜವಾಗಿಯೂ ಗಾಳವನ್ನೇ ಬಿಡಬೇಕೆಂದಿದ್ದೆ — ದೇವರಾಣೆ. ಮೂರನೆಯದರಲ್ಲಿ, ನೀರೊಳಗೆ, ಯಾಕೋ ಹಿನ್ನೀರಿನ ಬೆಳಗು ನೆನಪಾಯಿತು, ದಾರ ಜಗ್ಗಿದಾಗ ಬೆರಳಿಗೆ ಆಗುವ ಆ ಒಂದು... ಮನಸ್ಸು ಥಟ್ಟನೆ ತಿರುಗಿಬಿಟ್ಟಿತು. "ನವಿಲುಕೋಸು ಬಿಟ್ಟೆ ತಾಯೀ" ಅಂದುಕೊಂಡು ಮೇಲಕ್ಕೆದ್ದೆ. ನವಿಲುಕೋಸು ನನಗೆ ಹುಟ್ಟಿದಾಗಿನಿಂದ ಆಗದ ತರಕಾರಿ. ಛೆ, ನನ್ನ ಬುದ್ಧಿಗಿಷ್ಟು!

ಎದ್ದಾಗ ಜಯ ನನ್ನ ಕಡೆ ನೋಡಿ ಕೈ ಮುಗಿದಳು. ಗಂಗೆಗಲ್ಲ, ನನಗೆ.

ತಮಾಷೆಯೇನೆಂದರೆ, ನವಿಲುಕೋಸಿನ ವ್ರತವನ್ನು ಮಾತ್ರ ನಾನು ಕಟ್ಟುನಿಟ್ಟಾಗಿ ಪಾಲಿಸಿದೆ. ಒಂದು ಹೋಳು ಬಾಯಿಗಿಟ್ಟವನಲ್ಲ. ಕೇಳಿದರೆ "ಗ್ಯಾಸ್ ಆಗುತ್ತೆ ಕಣೇ" ಅನ್ನುತ್ತಿದ್ದೆ. ಪಾಪ, ಅವಳು ಸಾಗು ಮಾಡಿದಾಗಲೆಲ್ಲ ನನಗೆ ಅಂತ ಬೇರೆ ಪಲ್ಯ ಮಾಡುತ್ತಿದ್ದಳು. ಮೀನಿನ ವಿಷಯದಲ್ಲಿ ಒಂದು ವರ್ಷ ತಡೆದುಕೊಂಡೆ. ಆಮೇಲೆ ಕುಂಬಾರಕೊಪ್ಪಲಿನಲ್ಲಿರುವ ನನ್ನ ಹಳೆಯ ಗೆಳೆಯ ಮಾದೇವನ ಮನೆಯಲ್ಲಿ ಗಾಳದ ಕೋಲು ಇಟ್ಟೆ. ಜಯಳಿಗೆ ಹೇಳುತ್ತಿದ್ದದ್ದು, ಮಾದೇವನ ಮನೆಯಲ್ಲಿ ಇಸ್ಪೀಟು ಅಂತ. ಸಿಕ್ಕ ಜಿಲೇಬಿ ಮೀನು, ಗೆಂಡೆ ಎಲ್ಲ ಅವರ ಮನೆಗೇ. ಕೈಗೆ ಹುಣಸೆಹಣ್ಣು ಉಜ್ಜಿ ತೊಳೆದು, ಹನ್ನೆರಡಕ್ಕೆ ಸರಿಯಾಗಿ ರಾಮಕೃಷ್ಣನಗರದ ಮನೆಯಲ್ಲಿ ಊಟಕ್ಕೆ ಕೂರುತ್ತಿದ್ದೆ. "ಇವತ್ತು ಗೆದ್ರಾ?" ಅಂತ ಕೇಳುತ್ತಿದ್ದಳು. ಒಂದೊಂದು ವಾರ ಗೆದ್ದೆ, ಒಂದೊಂದು ವಾರ ಸೋತೆ ಅನ್ನುತ್ತಿದ್ದೆ.

ಆದರೆ ಅವರೆಕಾಲ... ಅದನ್ನು ಹೇಗೆ ಹೇಳಲಿ. ಅವಳು ತಿನ್ನುವುದನ್ನು ಬಿಟ್ಟಳೇ ಹೊರತು ಮಾಡುವುದನ್ನು ಬಿಡಲಿಲ್ಲ. ಪ್ರತಿ ಚಳಿಗಾಲ ಮೊರದ ತುಂಬ ಕಾಯಿ ಸುಲಿದು, ನೆನೆಹಾಕಿ, ಒಂದೊಂದೇ ಕಾಳು ಹಿತಕಿ, ನನಗೋಸ್ಕರ ಸಾರು ಮಾಡುತ್ತಿದ್ದಳು. ರುಚಿ ನೋಡುವಂತಿಲ್ಲವಲ್ಲ — ಸೌಟಿನಲ್ಲಿ ಒಂದು ಗುಟುಕು ತಂದು ನನ್ನ ಅಂಗೈಗೆ ಹಾಕಿ, "ಉಪ್ಪು ನೋಡಿ" ಅನ್ನುತ್ತಿದ್ದಳು. ನಾನು ನಾಲಿಗೆಗಿಟ್ಟು ಸರಿಯಾಗಿದೆ ಅಂತಲೋ ಇನ್ನೊಂಚೂರು ಬೇಕು ಅಂತಲೋ ಹೇಳುತ್ತಿದ್ದೆ. ಹತ್ತು ಚಳಿಗಾಲ ಹೀಗೇ ಕಳೆಯಿತು. ಗಂಟಲಲ್ಲಿ ಇಳಿಯಿತೇ ಅಂತ ಕೇಳಿದರೆ, ಇಳಿಯಿತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಇಳಿಯಿತು.

ಈಗ ಪ್ರವಾಸದ ವಿಷಯಕ್ಕೆ ಬರುತ್ತೇನೆ. ರಿಟೈರ್ ಆದ ಮೇಲೆ ಒಮ್ಮೆಯಾದರೂ ಹಿಮ ನೋಡಬೇಕು ಅಂತ ಜಯಳ ಆಸೆ. ಅವಳು ಸ್ವಿಟ್ಜರ್ಲೆಂಡ್ ಅಂದಳು. ನಾನು ನ್ಯೂಜಿಲೆಂಡ್ ಅಂದೆ. ಅಲ್ಲೂ ಹಿಮವಿದೆ, ಕುರಿಗಳಿವೆ, ಜನ ಒಳ್ಳೆಯವರು ಅಂತೆಲ್ಲ ಹೇಳಿದೆ. ಅಲ್ಲಿನ ಹೊಳೆಗಳಲ್ಲಿ ಮೊಳದುದ್ದ ಟ್ರೌಟ್ ಮೀನುಗಳಿವೆ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಮಾರ್ಚ್ ತಿಂಗಳಿಗೆ ಟಿಕೆಟ್ ಆಯಿತು. ಗ್ರಾಫ್ ಹಾಳೆಯ ಮೇಲೆ ಹನ್ನೆರಡು ದಿನದ ಯೋಜನೆ ಬರೆದೆ, ನಲವತ್ತು ವರ್ಷ ನಕ್ಷೆ ಬರೆದ ಕೈ. ಆರು, ಏಳು, ಎಂಟನೇ ದಿನದ ಮನೆಗಳಲ್ಲಿ ಕೆರೆಯ ದಡದ ಒಂದು ಊರಿನ ಹೆಸರು ಬರೆದು, ಪಕ್ಕದಲ್ಲಿ "ವಿಶ್ರಾಂತಿ" ಅಂತ ಸೇರಿಸಿದೆ.

ವಿಶ್ರಾಂತಿಯೆಲ್ಲಿ ಬಂತು! ಮೀನು ಹಿಡಿಸುವ ಒಬ್ಬ ಗೈಡ್‌ಗೆ ಕದ್ದು ಇ-ಮೇಲ್ ಬರೆದು ಗೊತ್ತು ಮಾಡಿದೆ. ಲೈಸೆನ್ಸಿಗೆ ಅರ್ಜಿ ಹಾಕಿದೆ. ಅವನು ನನ್ನ ಎತ್ತರ, ತೂಕ, ಪಾದದ ಅಳತೆ ಕೇಳಿದ. ಹೊಳೆಯೊಳಗೆ ನಿಲ್ಲಲು ಎದೆಯವರೆಗೆ ಬರುವ ರಬ್ಬರ್ ಪ್ಯಾಂಟು ಕೊಡುತ್ತಾರಂತೆ. ಅಲ್ಲಿ ಎರೆಹುಳ, ರಾಗಿಹಿಟ್ಟಿನ ಉಂಡೆ ಯಾವುದೂ ನಡೆಯದು. ಗಾಳಕ್ಕೆ ಪುಕ್ಕ ಕಟ್ಟಿ ನೊಣದ ಹಾಗೆ ಮಾಡಿ, ದಾರವನ್ನು ತಲೆಯ ಮೇಲಿಂದ ಬೀಸಿ, ನೀರಿನ ಮೇಲೆ ಮೆಲ್ಲಗೆ ಇಳಿಸಬೇಕು. ಹಿಡಿದ ಮೀನನ್ನು ಫೋಟೋ ತೆಗೆದುಕೊಂಡು ವಾಪಸ್ ನೀರಿಗೇ ಬಿಡಬೇಕು. ಇದನ್ನು ಕೇಳಿ ಮಾದೇವ ಬಾಯಿ ಬಾಯಿ ಬಿಟ್ಟ. "ಅಲ್ಲ ಕಣೋ, ಇಡ್ದ ಮೀನ ವಾಪಸ್ ಬುಡಾಕೆ ಇಮಾನ ಅತ್ಕಂಡು ಓಯ್ತಿಯಾ? ನಿನಗೇನು ತಲೆ ಕೆಟ್ಟದಾ?"

ಬೀಸುವುದನ್ನು ಕಲಿಯಬೇಕಿತ್ತಲ್ಲ. ದಿನಾ ಬೆಳಿಗ್ಗೆ ತಾರಸಿಯ ಮೇಲೆ ಒಂದು ಬಿದಿರು ಕೋಲಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿಕೊಂಡು ಬೀಸುತ್ತಿದ್ದೆ. ಒಂದು ದಿನ ಜಯ ಒಗೆದ ಬಟ್ಟೆ ತಂದವಳು ನೋಡಿಬಿಟ್ಟಳು. "ಇದೇನ್ರೀ ಇದು ಅವತಾರ?" ಅಂದಳು. ಭುಜದ ನೋವಿಗೆ ವ್ಯಾಯಾಮ ಅಂದೆ. ಅವತ್ತಿನಿಂದ ಬಿಸಿ ಎಣ್ಣೆ ಹಚ್ಚಿ ಭುಜ ತಿಕ್ಕಲು ಶುರುಮಾಡಿದಳು. ಒಂದು ತಿಂಗಳು ತಿಕ್ಕಿದಳು. ನೋವೇ ಇಲ್ಲದ ಭುಜ ಅದು. ನಾನು "ಹಾಂ, ಅಲ್ಲೇ, ಅಲ್ಲೇ" ಅಂತ ಕೂತಿರುತ್ತಿದ್ದೆ.

ಕೊನೆಗೆ ಬಂದಿತು ಜನವರಿಯ ಒಂದು ಗುರುವಾರ. ಬೆಳಗಿನ ಕಾಫಿಯ ಹೊತ್ತು. ಜಯ ಲೋಟ ಹಿಡಿದುಕೊಂಡು ನನ್ನೆದುರು ಕೂತಳು. ಅವಳಿಗೆ ಈಗ ಉಳಿದಿರುವ ಒಂದೇ ಚಪಲವೆಂದರೆ ಈ ಕಾಫಿ. ಡಿಕಾಕ್ಷನ್ ಒಂಚೂರು ತೆಳ್ಳಗಾದರೆ ಇಡೀ ದಿನ ಮುಖ ಸಪ್ಪೆ.

"ಆ ಕೆರೆ ದಡದ ಊರಿನ ಫೋಟೋ ನೀವು ಕಂಪ್ಯೂಟರ್‌ನಲ್ಲಿ ಪದೇಪದೇ ನೋಡೋದು ನಾನು ಕಂಡಿದ್ದೀನಿ" ಅಂದಳು. "ನೀರಲ್ಲಿ ನಿಂತ್ಕೊಂಡು ಒಬ್ಬ ಮೀನು ಹಿಡೀತಾವ್ನಲ್ಲ, ಅದು. ಆಸೆ ಆಗಲ್ವಾ ನಿಮಗೆ? ಹನ್ನೊಂದು ವರ್ಷ ಬಾಯಿ ಬಿಡದೆ ತಡ್ಕೊಂಡಿದ್ದೀರಿ. ನಾನು ಶಾಸ್ತ್ರಿಗಳನ್ನ ಕೇಳ್ದೆ. ಬಿಟ್ಟಿದ್ದನ್ನ ವಾಪಸ್ ತಗೊಳ್ಳಂಗಿಲ್ಲ ಅಂದ್ರು. ನಾನೂ ಬುಡಲಿಲ್ಲ. ಅವರ ಬದಲಿಗೆ ನಾನು ಬೇರೆ ಏನಾದ್ರೂ ಪ್ರಿಯವಾದ್ದು ಬಿಟ್ರೆ ನಡೀತದಾ ಅಂದೆ. ಮನಸ್ಸಿದ್ರೆ ಮಾಡಮ್ಮ ಅಂದ್ರು. ಸೋಮವಾರ ಪಶ್ಚಿಮವಾಹಿನಿಗೆ ಹೋಗಿ ಹೊಳೇಲಿ ಮುಳುಗಿ, ಕಾಫಿ ಬಿಟ್ಟು ಬರ್ತೀನಿ. ನೀವು ಆ ಮೂರು ದಿನ ಮನಸಾರೆ ಗಾಳ ಹಾಕಿ."

ನನ್ನ ಕೈಯಲ್ಲಿದ್ದ ಲೋಟ ಮೇಜಿನ ಮೇಲಿಟ್ಟೆ. ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ... ಇನ್ನು ನಾಲ್ಕು ದಿನ ಸುಮ್ಮನಿದ್ದರೆ ಸಾಕು, ನನ್ನ ಎರಡೂ ಸುಳ್ಳು ಮುಚ್ಚಿಹೋಗುತ್ತವೆ, ಟ್ರೌಟ್ ಕೂಡ ಸಿಗುತ್ತದೆ. ಇದೂ ನನ್ನ ತಲೆಯೊಳಗೆ ಬಂದು ಹೋಯಿತು. ಬರಲಿಲ್ಲ ಅಂತ ಹೇಳಿದರೆ ಅದು ಮೂರನೇ ಸುಳ್ಳಾಗುತ್ತದೆ.

"ಜಯಾ, ನಾನು ಗಾಳ ಬಿಟ್ಟೇ ಇಲ್ಲ ಕಣೇ" ಅಂದೆ. "ಗಂಗೆಯಲ್ಲಿ ನಾನು ಬಿಟ್ಟಿದ್ದು ನವಿಲುಕೋಸು."

"ಏನಂದ್ರೀ?"

ಮತ್ತೆ ಹೇಳಿದೆ. ಅವಳು ಒಂದು ಕ್ಷಣ ಬೆಪ್ಪಾಗಿ ನೋಡಿದಳು. ಆಮೇಲೆ ನಗು ಬಂತು ಅವಳಿಗೆ. ಸೆರಗು ಬಾಯಿಗೆ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಅಯ್ಯೋ ನಿಮ್ಮ! ಅದಕ್ಕಾ ಗ್ಯಾಸು ಗ್ಯಾಸು ಅಂತಿದ್ದಿದ್ದು? ನಾನು ಡಾಕ್ಟ್ರ ಹತ್ರ ಬೇರೆ ಕೇಳಿದ್ದೆ ಕಣ್ರೀ!" ನಾನೂ ನಕ್ಕೆ. ಇಷ್ಟೇನಾ, ಇಷ್ಟು ಸುಲಭವಾ ಅಂತ ಮೈ ಹಗುರವಾಯಿತು. ಅಷ್ಟರಲ್ಲಿ ಅವಳ ನಗು ಅರ್ಧಕ್ಕೇ ನಿಂತಿತು.

"ಹಂಗಾದ್ರೆ ಭಾನುವಾರ?"

ನಾನು ತಲೆ ತಗ್ಗಿಸಿದೆ.

"ಇಸ್ಪೀಟು ಅಲ್ವಾ?"

"ಅಲ್ಲ. ಹಿನ್ನೀರಿಗೆ ಹೋಗ್ತಿದ್ದೆ."

ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ಅವರೆಕಾಯಿ ಹೋಗ್ಲಿ ಬುಡಿ" ಅಂದಳು. "ಅದು ಗಂಗೇಗೆ ಕೊಟ್ಟಿದ್ದು, ನಿಮಗಲ್ಲ. ನೀವು ಏನೇ ಮಾಡಿ, ಬಿಟ್ಟಿದ್ದು ಬಿಟ್ಟಿದ್ದೇ. ಆದ್ರೆ ನಮ್ಮಣ್ಣ ಹೋದ್ಮೇಲೆ ನಾನು ನೀರಿನ ಯೋಚ್ನೆ ಇಲ್ದೆ ಇದ್ದಿದ್ದು ಅಂದ್ರೆ ಈ ಹನ್ನೊಂದು ವರ್ಷಾನೇ ಕಣ್ರೀ. ಭಾನುವಾರ ಬಂತು ಅಂದ್ರೆ ರೇಡಿಯೋ ಹಾಕ್ಕೊಂಡು ನೆಮ್ಮದಿಯಾಗಿ ಅಡಿಗೆ ಮಾಡ್ತಿದ್ದೆ. ಆಗ ನೀವು ನೀರಲ್ಲಿ ನಿಂತಿದ್ರಿ."

ಅವರೆಕಾಯಿಯ ಬಗ್ಗೆ ಹನ್ನೊಂದು ವರ್ಷ ಒಳಗೊಳಗೇ ಚುಚ್ಚುತ್ತಿತ್ತು. ಅದಕ್ಕೆ ಒಂದೆರಡು ಉತ್ತರವನ್ನೂ ಮನಸ್ಸಲ್ಲಿ ಸಿದ್ಧಮಾಡಿಟ್ಟಿದ್ದೆ. ಅವಳ ನೆಮ್ಮದಿಯ ಬಗ್ಗೆ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅವಳು ನಿಶ್ಚಿಂತೆಯಾಗಿದ್ದಾಳಲ್ಲ, ಹೇಳದೇ ಇರುವುದು ಅವಳಿಗೇ ಒಳ್ಳೆಯದಲ್ಲವೇ ಅಂತಲೇ ಅಂದುಕೊಂಡಿದ್ದೆ. ನನ್ನಂಥ ಕಳ್ಳರಿಗೆ ಹಾಗೆ ಅನ್ನಿಸುವುದು ಬಹಳ ಸುಲಭ.

ಅವತ್ತು ಮಧ್ಯಾಹ್ನ ಹಿತಕಿದ ಬೇಳೆ ಸಾರಿತ್ತು. "ಉಪ್ಪು ನೋಡಿ" ಅಂತ ಅವಳು ಕರೆಯಲಿಲ್ಲ. ಉಪ್ಪು ಕಮ್ಮಿಯಾಗಿತ್ತು. ಹಾಗೇ ಉಂಡೆ.

ಭಾನುವಾರ ಮನೆಯಲ್ಲೇ ಇದ್ದೆ. ಸೋಮವಾರ ಅವಳು ಪಶ್ಚಿಮವಾಹಿನಿಗೆ ಹೋಗಲಿಲ್ಲ, ಕಾಫಿ ಉಳಿಯಿತು. ನಾನು ಕಂಪ್ಯೂಟರ್ ಮುಂದೆ ಕೂತು ಗೈಡ್‌ಗೆ ಬೇಡವೆಂದು ಬರೆಯುತ್ತಿದ್ದೆ. ಜಯ ಹಿಂದೆ ಬಂದು ನಿಂತಳು. ಏನು ಬರೀತಿದ್ದೀರಿ ಅಂದಳು, ಹೇಳಿದೆ.

"ಬ್ಯಾಡ. ಹೋಗಿ ಹಿಡೀರಿ" ಅಂದಳು. "ನಾನೂ ಬರ್ತೀನಿ. ದಡದಲ್ಲಿ ಕೂತ್ಕೊಂಡು ನೋಡ್ತೀನಿ. ಕಣ್ಣ ಮುಂದೆ ಇದ್ರೆ ಅಷ್ಟು ಹೆದರಿಕೆ ಆಗಲ್ಲ. ಇಂಗ್ಲಿಷ್‌ನಲ್ಲಿ ಕೇಳಿ ಅವನ್ನ, ನೀರು ಎಷ್ಟು ಆಳ ಇರ್ತದೆ ಅಂತ."

ಕೇಳಿದೆ. ಮೊಣಕಾಲಿನಿಂದ ಸೊಂಟದವರೆಗೆ, ಹರಿವು ಜಾಸ್ತಿಯಿದ್ದ ದಿನ ದಡದಿಂದಲೇ ಬೀಸಬಹುದು, ಮೇಡಂಗೆ ಒಂದು ಮಡಚುವ ಕುರ್ಚಿ, ಬೆಚ್ಚನೆಯ ರಗ್ಗು ತರುತ್ತೇನೆ ಅಂತ ಉತ್ತರ ಬಂತು. ಅದನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳಿದೆ. "ಒಳ್ಳೇವ್ನು" ಅಂದಳು. ಗ್ರಾಫ್ ಹಾಳೆ ತೆಗೆದು "ವಿಶ್ರಾಂತಿ" ಅನ್ನುವುದನ್ನು ಹೊಡೆದು "ಮೀನು" ಅಂತ ಬರೆದೆ. ಅವಳ ಎದುರಿಗೇ ಬರೆದೆ. ಆಮೇಲೆ ಇಬ್ಬರೂ ಕೂತು ಆ ಊರಿನ ಚಳಿಗೆ ಎಷ್ಟು ಸ್ವೆಟರ್ ಬೇಕು, ಪುಳಿಯೋಗರೆ ಗೊಜ್ಜನ್ನು ವಿಮಾನದಲ್ಲಿ ಬಿಡುತ್ತಾರಾ ಇಲ್ಲವಾ ಅಂತ ಸಂಜೆಯವರೆಗೆ ಮಾತಾಡಿದೆವು. ಬಹಳ ದಿನಗಳಿಂದ ನಾವು ಅಷ್ಟು ಮಾತಾಡಿರಲಿಲ್ಲ. ನನಗೆ ಸಂತೋಷವಾಗಿತ್ತು, ಆ ಸಂತೋಷಕ್ಕೆ ನಾನು ಲಾಯಕ್ಕಲ್ಲ ಅಂತಲೂ ಗೊತ್ತಿತ್ತು.

ಬೇಕಾದ್ದನ್ನೆಲ್ಲ ಪಟ್ಟಿ ಮಾಡಿ ಮುಗಿಸಿದ ಮೇಲೆ ಅವಳಿಗೆ ಹೇಳಲು ಹೊರಟೆ. "ಜಯಾ, ಈ ಮೂರು ದಿನ ಆದಮೇಲೆ ನಾನು ನಿಜವಾಗಿಯೂ ಗಾಳ..."

ಅವಳು ನನ್ನ ಬಾಯಿಗೆ ಅಡ್ಡ ಕೈ ಹಿಡಿದಳು.

"ಈಗ ಹೇಳ್ಬೇಡಿ" ಅಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. "ಈಗ ಹೇಳಿದ್ರೆ ನಾನು ನಂಬಲ್ಲ. ನಂಬಲ್ಲ ಅಂತ ನಿಮ್ಮ ಮುಖ ನೋಡ್ಕೊಂಡು ಅನ್ನೋದಕ್ಕೆ ನನಗೆ ಮನಸ್ಸಿಲ್ಲ. ಸ್ವಲ್ಪ ದಿನ ಹೋಗ್ಲಿ."

ಎಷ್ಟು ದಿನ ಅಂತ ಕೇಳಲಿಲ್ಲ.