ಕಾರ್ಡಿನಲ್ಲಿ ಹೆಸರಿಲ್ಲದವರು

ಕೆ.ಆರ್.ಪುರದ ಸೊಪ್ಪು ತರಕಾರಿ ವ್ಯಾಪಾರಿಗಳ ಸಂಘದಲ್ಲಿ ಅದುವರೆಗೆ ಗಂಟಲು ದೊಡ್ಡದಿದ್ದವನ ಮಾತೇ ತೀರ್ಮಾನ. ಬಿ.ಎ. ಓದಿದ ಮಧುಕರ್ ಕಾರ್ಯದರ್ಶಿಯಾದ ಮೇಲೆ, ಇನ್ನು ಮುಂದೆ ಸದಸ್ಯರನ್ನು ಕೇಳಿಯೇ ನಿಯಮ ಮಾಡೋಣ ಎಂದ. ಫಾರಂ ಅಚ್ಚು ಹಾಕಿಸಿ ನಾಲ್ಕು ಸಂಜೆ ಸಂಘದ ಕಚೇರಿಯಲ್ಲಿ ಕೂತ. ಬೆಳಗಿನ ಲಾರಿಗಳ ನೂಕುನುಗ್ಗಲು ತಪ್ಪಿಸಲು ವ್ಯಾಪಾರವನ್ನು ಐದರ ಬದಲು ಏಳಕ್ಕೆ ಶುರು ಮಾಡಬಹುದೇ ಎಂಬುದು ಪ್ರಶ್ನೆ. ಅರವತ್ತೆರಡು ಮಂದಿ ಸದಸ್ಯರಲ್ಲಿ ಐವತ್ತೊಂದು ಮಂದಿ ಸರಿ ಎಂದರು. ಅಧ್ಯಕ್ಷ ರಾಮಾಂಜಿನಪ್ಪ ಅವನ ಬೆನ್ನು ತಟ್ಟಿದರು.

ನಿಯಮ ಬಂದ ಮೂರನೇ ದಿನ ಬೆಳಿಗ್ಗೆ ಆರು ಗಂಟೆಗೆ ಮಧುಕರ್ ಸೊಪ್ಪು ಮಾರುವ ರಸ್ತೆಗೆ ಹೋದ. ಸಂಘದ ಸದಸ್ಯ ಬಸಣ್ಣನ ಹೆಂಡತಿ ಅಂಜಿನಮ್ಮ ರಸ್ತೆಯಂಚಿನಲ್ಲಿ ಸಬ್ಬಸಿಗೆ, ದಂಟಿನ ಸೊಪ್ಪಿನ ಬುಟ್ಟಿಗಳನ್ನು ಇಟ್ಟುಕೊಂಡು ಸುಮ್ಮನೆ ಕೂತಿದ್ದಳು. ಐದಕ್ಕೇ ಬಂದು ಒಯ್ಯುತ್ತಿದ್ದ ಹೋಟೆಲಿನವರು, ಗಾಡಿಯವರು ಬೇರೆ ಕಡೆ ಕೊಳ್ಳತೊಡಗಿದ್ದರು.

"ಬಸಣ್ಣ ಸರಿ ಅಂತ ಸೈನ್ ಹಾಕಿದ್ರಲ್ಲಮ್ಮ," ಎಂದ ಮಧುಕರ್.

"ನಮ್ ಯಜಮಾನ್ರು ಏಳೋದೇ ಎಂಟಕ್ಕೆ. ಏಳಾದ್ರೇನು, ಒಂಬತ್ತಾದ್ರೇನು ಅವ್ರಿಗೆ? ಇಲ್ಲಿ ಕೂತ್ಕೊಳ್ಳೋರು ನಾವು. ನಮ್ಮನ್ನ ಯಾರಪ್ಪ ಕೇಳಿದ್ರು?"

ಸಂಘದ ಕಾರ್ಡುಗಳೆಲ್ಲ ಗಂಡಂದಿರ ಹೆಸರಿನಲ್ಲಿದ್ದವು. ಮಧುಕರ್ ಕಾರ್ಡು ನೋಡಿ ಕೇಳಿದ್ದ. ಸಂಜೆ ಕಚೇರಿಗೆ ಬಂದು ಕೂರಲು ಬಿಡುವಿದ್ದವರೂ ಅವರೇ. ಇದು ಬೇರೆ ಯಾರಿಗಾದರೂ ಹೊಳೆಯದಿದ್ದರೆ ಕ್ಷಮಿಸಬಹುದಿತ್ತು. ಅವನ ತಾಯಿಯೂ ಮಾಲೂರು ಕಡೆಯಿಂದ ಮೊದಲ ರೈಲಿಗೆ ಸೊಪ್ಪು ಹೊತ್ತು ತಂದು, ಇದೇ ರಸ್ತೆಯಲ್ಲಿ ಮಾರಿ, ಅವನನ್ನು ಓದಿಸಿದವಳು. ಅವಳ ಕಾರ್ಡಿನಲ್ಲಿಯೂ ಅಪ್ಪನ ಹೆಸರೇ ಇತ್ತು.

ಆ ಭಾನುವಾರ ಸಭೆಯಲ್ಲಿ ಅವನು ಎದ್ದು ನಿಂತ. "ತಪ್ಪು ನಂದು. ಕಾರ್ಡ್ ಇದ್ದೋರನ್ನ ಕೇಳ್ದೆ, ಮಾರೋರನ್ನ ಕೇಳ್ಲಿಲ್ಲ. ಈ ನಿಯಮ ವಾಪಸ್ ತಗೊಳ್ಳೋಣ."

"ನಿನ್ನ ಫಾರಂ ನಂಬಿ ಸೈನ್ ಹಾಕಿದ ನಾವು ಪೆದ್ದರೇನಪ್ಪ, ಬಿ.ಎ.?" ಎಂದರು ರಾಮಾಂಜಿನಪ್ಪ. ಕೆಲವರು ನಕ್ಕರು. ಆದರೂ ನಿಯಮ ರದ್ದಾಯಿತು. ಇನ್ನು ಮೇಲೆ ಕಾರ್ಡಿನಲ್ಲಿ ಮಾರುವವರ ಹೆಸರೂ ಇರಬೇಕು, ಅವರನ್ನು ಅವರು ಕೂತ ಜಾಗದಲ್ಲೇ ಕೇಳಬೇಕು ಎಂದು ನಡಾವಳಿ ಪುಸ್ತಕದಲ್ಲಿ ಬರೆದರು.

ಅಂಜಿನಮ್ಮನ ಒಂಬತ್ತು ಖಾಯಂ ಗಿರಾಕಿಗಳಲ್ಲಿ ಮರಳಿ ಬಂದವರು ಮೂವರು. ವಾರದ ನಂತರ ಒಂದು ಬೆಳಿಗ್ಗೆ ಐದಕ್ಕೇ ಮಧುಕರ್ ಹೊಸ ಫಾರಂ ಹಿಡಿದು, ತಲೆಯ ಮೇಲೆ ಬುಟ್ಟಿ ಹೊತ್ತು ಬಂದ ಅವಳ ಮುಂದೆ ನಿಂತ.

"ಮೊದ್ಲು ಈ ಬುಟ್ಟಿಗೆ ಒಂದ್ ಕೈ ಹಾಕು. ಆಮೇಲೆ ಕೇಳ್ವಂತೆ."

ಅವನು ಬುಟ್ಟಿ ಇಳಿಸಿದ. ಅವಳ ಮುಖ ನೋಡಲಾಗಲಿಲ್ಲ. ಫಾರಂ ನೋಡುತ್ತಲೇ, ಕಾರ್ಡಿಗೆ ಹಾಕಲು ಅವಳ ಹೆಸರು ಕೇಳಿದ.