ಎಲ್ಲಿಗೆ ಹೊರಟಿರಿ ಎಂದು ಕೇಳುವ ಬೀದಿ

ನನಗೆ ನಡೆಯುವ ಚಟವಿದೆ. ಬೀಡಿ, ಇಸ್ಪೀಟು, ನಶ್ಯದ ಚಟವಿರುವವರನ್ನು ನಮ್ಮ ಕಡೂರಿನವರು ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾರೆ. ನಡೆಯುವವನು ಮಾತ್ರ ಅವರಿಗೆ ಅರ್ಥವಾಗುವುದಿಲ್ಲ. ಎಪ್ಪತ್ತರ ದಶಕದಲ್ಲಿ ಹೈಸ್ಕೂಲು ಮೇಷ್ಟರೆಂದರೆ ಒಂದು ಸೈಕಲ್ಲಾದರೂ ಇರಬೇಕಿತ್ತು. ನನಗೆ ಇರಲಿಲ್ಲ, ಬೇಕೆಂದೂ ಅನ್ನಿಸಿರಲಿಲ್ಲ. ಸಂಜೆ ಕೈಬೀಸಿಕೊಂಡು ಹೊರಟರೆ ಅಂಗಡಿಯಲ್ಲಿ ಕೂತವರು, "ಯಾಕ್ ಮೇಷ್ಟ್ರೇ, ಬಸ್ ತಪ್ಪೋಯ್ತಾ?" ಎಂದು ಕನಿಕರಪಡುತ್ತಿದ್ದರು. ಇಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ಕನಿಕರ ಇನ್ನೂ ಹೆಚ್ಚುತ್ತಿತ್ತು. ಸುಮ್ಮಸುಮ್ಮನೆ ನಡೆಯುವವನಿಗೆ ಮನೆಯಲ್ಲಿ ಏನೋ ತಾಪತ್ರಯ ಇದೆಯೆಂದೇ ಅವರ ಎಣಿಕೆ. ನಾನು ಹಟಕ್ಕೆ ಬಿದ್ದು ಮರುದಿನ ಅದೇ ಅಂಗಡಿಯ ಮುಂದೆ ಇನ್ನೂ ನಿಧಾನವಾಗಿ ಹಾಯ್ದು ಹೋಗುತ್ತಿದ್ದೆ.

ಹೀಗೆ ನಡೆಯುತ್ತಲೇ ನಾನು ಪಾಳುಬೀದಿಯನ್ನು ಕಂಡುಹಿಡಿದೆ. ಕಂಡುಹಿಡಿದೆ ಎನ್ನುವುದು ದೊಡ್ಡ ಮಾತು. ಅದು ರೈಲ್ವೆ ಸ್ಟೇಷನ್ನಿನ ಹಿಂದೆ ಎಲ್ಲರ ಕಣ್ಣೆದುರಿಗೇ ಬಿದ್ದಿತ್ತು. ಪ್ಲೇಗು ಬಂದ ಕಾಲದಲ್ಲಿ ಅಲ್ಲಿನವರು ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರಂತೆ, ಆಮೇಲೆ ಒಬ್ಬರೂ ಹಿಂದಿರುಗಲಿಲ್ಲವಂತೆ. ಸೂರು ಕುಸಿದು, ಗೋಡೆಗಳ ಮೇಲೆ ಎಕ್ಕ ಬೆಳೆದು, ಊರಿನವರು ಹಗಲು ಹೊತ್ತಿನಲ್ಲೂ ಅತ್ತ ಸುಳಿಯುತ್ತಿರಲಿಲ್ಲ. ನಾನು ನೋಡುವ ಹೊತ್ತಿಗೆ ಆ ಬೀದಿ ಮತ್ತೆ ಎದ್ದು ಕೂತಿತ್ತು. ಹಳೆಯ ಕಲ್ಲು ಜಗಲಿಗಳು ಹಾಗೇ ಇದ್ದವು. ಅವುಗಳ ಹಿಂದೆ ಎಲ್ಲೆಲ್ಲಿಂದಲೋ ಬಂದವರು ತಮಗೆ ತೋಚಿದ ಹಾಗೆ ಮನೆ ಎಬ್ಬಿಸಿಕೊಂಡಿದ್ದರು. ರೈಲ್ವೆ ಗ್ಯಾಂಗಿನ ಆರುಮುಗಂ ತನ್ನ ಬಾಗಿಲಿಗೆ ಸಿಗ್ನಲ್ಲಿನ ಕೆಂಪು ಬಳಿದಿದ್ದ. ಬೀದಿಯ ಮೊದಲ ಮನೆಯ ಬೀಬಮ್ಮ ಹಾಸಿಗೆ ಹೊಲಿಯುವವಳು. ಅಜ್ಜಂಪುರದಿಂದ ತಂದ ಹತ್ತಿ ಅವಳ ಬಾಗಿಲಿನಿಂದ ಹಾರಿ ಬೀದಿಯ ತುಂಬ ಓಡಾಡುತ್ತಿತ್ತು. ಕೆಮ್ಮಣ್ಣುಗುಂಡಿಯಲ್ಲಿ ಅದಿರು ಅಗೆಯುವ ಕೆಲಸ ಬಿಟ್ಟು ಬಂದವನೊಬ್ಬ ಎಣ್ಣೆ ಡಬ್ಬಗಳಲ್ಲಿ ಗುಲಾಬಿ ಬೆಳೆಸಿದ್ದ. ಪಕ್ಕದಲ್ಲೇ ಕಂಬಳಿ ನೇಯುವವರು. ಮನೆಗಳೊಳಗೆ ತಮಿಳು, ಉರ್ದು ಮತ್ತೇನೇನೋ. ನಲ್ಲಿಯ ಹತ್ತಿರ ಜಗಳಕ್ಕೆ ನಿಂತರೆ ಮಾತ್ರ ಎಲ್ಲರದೂ ಕನ್ನಡ. ಕನ್ನಡ ಮೇಷ್ಟರಾಗಿ ಭಾಷೆಗೆ ಅಷ್ಟು ಸೇವೆಯನ್ನು ನಾನು ತರಗತಿಯಲ್ಲಿ ಮಾಡಿದ್ದು ಕಾಣೆ.

ಈಗ ಒಂದು ಶಕುನದ ವಿಷಯ ಹೇಳಬೇಕು. ನಮ್ಮ ಕಡೆ ಹೊರಟವರನ್ನು 'ಎಲ್ಲಿಗೆ?' ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಟ್ಟಿತೆಂದೇ ಲೆಕ್ಕ. ತಿಳಿದವರು 'ದೂರ ಹೊರಟ್ರಾ?' ಎಂದು ಬಳಸಿ ಕೇಳುತ್ತಾರೆ. ಯಾರಾದರೂ ಬಾಯಿತಪ್ಪಿ ಕೇಳಿಬಿಟ್ಟರೆ ಅಲ್ಲೇ ನಿಂತು, ಒಳಗೆ ಹೋಗಿ ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ನನ್ನ ಹುಟ್ಟೂರು ಯಗಟಿಯ ನಮ್ಮ ಮನೆಯಲ್ಲಿ ಇದನ್ನು ನನ್ನ ಅವ್ವನಷ್ಟು ನಿಷ್ಠೆಯಿಂದ ಪಾಲಿಸಿದವರಿಲ್ಲ. ಪಕ್ಕದ ಮನೆಯ ಮಗುವೊಂದು ಕೇಳಿತೆಂದು ಒಳಗೆ ಹೋಗಿ ನೀರು ಕುಡಿಯುತ್ತ ಕೂತು, ತವರಿಗೆ ಹೋಗುವ ಬಸ್ಸನ್ನೇ ತಪ್ಪಿಸಿಕೊಂಡವಳು ಅವಳು.

ಪಾಳುಬೀದಿಯವರಿಗೆ ಇದೆಲ್ಲ ಎಲ್ಲಿ ಗೊತ್ತು? ಮೊದಲ ದಿನವೇ ಬೀಬಮ್ಮ ಸೂಜಿಯಿಂದ ಕಣ್ಣೆತ್ತಿ, "ಎಲ್ಲಿಗೆ ಹೊರಟ್ರಿ ಮೇಷ್ಟ್ರೇ?" ಎಂದಳು. ಅವ್ವ ಕಲಿಸಿದ ಕಾಲು ಗಕ್ಕನೆ ನಿಂತಿತು. ಮನೆಗೆ ಹಿಂದಿರುಗಲು ದೂರ, ಮುಂದೆ ಹೋಗಲು ಭಯ. ಅವಳ ಜಗಲಿಯ ಮೇಲೇ ಕೂತು, ಒಂದು ಲೋಟ ನೀರು ಕೊಡಮ್ಮ ಎಂದೆ. ಆರುಮುಗಂ ಕೇಳಿದ, ಅಲ್ಲೂ ಕೂತೆ. ಗುಲಾಬಿಯವನ ಮನೆಯ ಮುಂದೂ ಅದೇ ಕಥೆ. ಕೆಲವೇ ದಿನಗಳಲ್ಲಿ ಬೀದಿಯವರು ತಮ್ಮದೇ ಒಂದು ತೀರ್ಮಾನಕ್ಕೆ ಬಂದರು. ಈ ಊರಿನ ಮರ್ಯಾದೆಯೇ ಹೀಗೆ, ಹಾಯ್ದು ಹೋಗುವವರನ್ನು ಎಲ್ಲಿಗೆಂದು ಕೇಳಿ, ಕೂರಿಸಿ, ನೀರು ಕೊಡಬೇಕು ಎಂದು. ಅಂದಿನಿಂದ ಅವರು ಕಂಡಕಂಡವರನ್ನೆಲ್ಲ ಕೇಳತೊಡಗಿದರು, ಒಂದು ಕೈಯಲ್ಲಿ ಲೋಟವನ್ನು ಹಿಡಿದುಕೊಂಡೇ. ನಾನು ತಿದ್ದಲಿಲ್ಲ. ವರ್ಷಪೂರ್ತಿ ಹುಡುಗರ ತಪ್ಪು ತಿದ್ದುವವನಿಗೆ ಒಂದು ತಪ್ಪನ್ನಾದರೂ ಹಾಗೇ ಬಿಡುವ ಹಕ್ಕಿದೆ.

ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ. ಮನೆಗೆ ಜಂಗಮರು ಬಂದರೆ ಪಾದ ತೊಳೆದು ಕೂರಿಸುತ್ತೇವೆ. ಜಂಗಮವೆಂದರೆ ಚಲಿಸುವುದು, ಸ್ಥಾವರವೆಂದರೆ ನಿಂತದ್ದು, ಚಲಿಸುವುದೇ ದೊಡ್ಡದು ಎಂದು ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವರು ನನ್ನ ದೊಡ್ಡಪ್ಪ. ಅಪ್ಪ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿದವರೂ ಅವರೇ, ಅವ್ವ ಇದ್ದದ್ದೂ ಅವರ ಮನೆಯಲ್ಲೇ. ಆದರೆ ಸ್ವಂತ ತಮ್ಮನ ಮಗ ಸಂಜೆ ಎರಡು ಹೆಜ್ಜೆ ಚಲಿಸಿದರೆ ಅವರ ತತ್ವಶಾಸ್ತ್ರ ಸ್ಥಾವರವಾಗಿಬಿಡುತ್ತಿತ್ತು. ಯಗಟಿ ಬಸ್ಸಿನಲ್ಲಿ ಸುದ್ದಿಗೆ ಟಿಕೆಟ್ಟಿಲ್ಲ. ನಾನು ಯಾರ್ಯಾರ ಜಗಲಿಯ ಮೇಲೆ ಕೂತೆನೆಂಬುದು ನನಗಿಂತ ಮೊದಲು ಊರು ಸೇರುತ್ತಿತ್ತು. "ಕೊರಳಾಗೆ ಲಿಂಗ ಇಟ್ಕಂಡು ಕಂಡೋರ ಮನೆ ನೀರು ಕುಡೀತೀಯೇನೋ?" ಎಂದು ದೊಡ್ಡಪ್ಪ ಕೂಗಾಡಿದರು. ನಾನು ತಲೆತಗ್ಗಿಸಿ ಕೇಳಿಸಿಕೊಂಡೆ. ಮರುದಿನ ಹೋಗಿ ಮತ್ತೆ ಕುಡಿದೆ.

ಅಷ್ಟಕ್ಕೇ ನಿಂತಿದ್ದರೆ ಮುಗಿಯುತ್ತಿತ್ತು. ಬೀದಿಯ ಕೊನೆಯಲ್ಲಿ ಒಂದು ಪಾಳುಮನೆ ಇನ್ನೂ ಯಾರಿಗೂ ಸಿಕ್ಕದೆ ಉಳಿದಿತ್ತು. ಒಂದು ಸಂಜೆ ಹೆಂಡತಿ ಗಿರಿಜೆಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವಳು ಎಕ್ಕದ ಗಿಡ ಸರಿಸಿ ಒಳಗೆ ಇಣುಕಿ, "ಅಡುಗೆಮನೆ ಇಲ್ಲಿ, ಕಿಟಕಿ ಬೀದಿ ಕಡೆಗೆ" ಎಂದಳು. ಅಲ್ಲಿಗೆ ಮನೆ ಕಟ್ಟುವುದು ತೀರ್ಮಾನವಾಯಿತು. ದೊಡ್ಡಪ್ಪನ ತೀರ್ಮಾನವೂ ಅಷ್ಟೇ ಬೇಗ ಬಂತು. "ಕಟ್ಕ. ಆದ್ರೆ ಗೃಹಪ್ರವೇಶಕ್ಕೆ ಈ ಮನೆಯಿಂದ ಒಂದು ನರಪಿಳ್ಳೆನೂ ಬರಲ್ಲ. ನಿಮ್ಮವ್ವನ್ನೂ ಕಳ್ಸಲ್ಲ."

ಅವ್ವನಿಲ್ಲದೆ ಹಾಲುಕ್ಕಿಸಲು ನನಗೆ ಮನಸ್ಸಿರಲಿಲ್ಲ. ಅವಳಿಗೆ ಆ ಮನೆಯಲ್ಲಿ ಸ್ವಂತದ್ದೆಂದು ಒಂದು ಮೂಲೆಯೂ ಇರಲಿಲ್ಲ. ದೊಡ್ಡಪ್ಪನ ಮಾತು ಮೀರಿ ಅವಳು ಹೊಸ್ತಿಲು ದಾಟಿದ್ದನ್ನು ನಾನು ನೋಡಿರಲಿಲ್ಲ. ಯಗಟಿಗೆ ಹೋಗಿ ದೊಡ್ಡಪ್ಪನನ್ನೇ ಬೇಡಿಕೊಂಡೆ. ಒಂದು ಸಲ ಬಂದು ಬೀದಿ ನೋಡಿ, ಆಮೇಲೆ ಬೈಯಿರಿ ಎಂದೆ. ಏನನ್ನಿಸಿತೋ, ಬಂದರು.

ಶುಭ್ರ ಪಂಚೆ, ಹಣೆಯ ತುಂಬ ವಿಭೂತಿ, ಬಗಲಲ್ಲಿ ಕೊಡೆ. ಬೀದಿಗೆ ಕಾಲಿಟ್ಟಿದ್ದಷ್ಟೇ, ಬೀಬಮ್ಮ ಲೋಟ ಹಿಡಿದು ನಗುತ್ತ ಬಂದಳು. "ಎಲ್ಲಿಗೆ ಹೊರಟ್ರಿ ಯಜಮಾನ್ರೇ? ಕೂತ್ಕಳಿ, ನೀರು ಕುಡೀರಿ."

ದೊಡ್ಡಪ್ಪ ನೆಟ್ಟ ಕಂಬದ ಹಾಗೆ ನಿಂತರು. ಮುಂದೆ ಹೋದರೆ ಶಕುನ ಕೆಡುತ್ತದೆ, ನೀರು ಕುಡಿದರೆ ಕುಲ ಕೆಡುತ್ತದೆ. ಶಾಸ್ತ್ರ ಓದಿದವರಿಗೂ ಬಿಡಿಸಲಾಗದ ಇಕ್ಕಟ್ಟು ಅದು. ಕೊನೆಗೆ ಕೊಡೆ ಊರಿಕೊಂಡು ಜಗಲಿಯ ಅಂಚಿಗೆ ಕೂತು, ನನ್ನ ಕಡೆ ತಿರುಗಿ, "ಲೇ, ನಿನ್ ಬಾಡಿಗೆ ಮನೆಯಿಂದ ಒಂದ್ ಚೊಂಬು ನೀರು ತಗಂಬಾ" ಎಂದರು.

ಓಡಿಹೋಗಿ ತಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅವರು ಕುಡಿದು, ಬೀದಿ ನೋಡಿ, ಗೊಣಗುತ್ತ ಒಪ್ಪುತ್ತಿದ್ದರೋ ಏನೋ. ಆದರೆ ಬೀಬಮ್ಮನ ಲೋಟ ಅವರ ಮೂಗಿನ ಮುಂದೆಯೇ ಇತ್ತು, ಅವಳ ಮುಖದ ಮೇಲಿನ ನಗು ನಿಧಾನವಾಗಿ ಇಳಿಯುತ್ತಿತ್ತು. ನನಗೆ ಸಿಟ್ಟು ಬಂತು. "ತರಲ್ಲ ದೊಡ್ಡಪ್ಪ," ಎಂದೆ. "ನೀರು ನಿಮ್ಮ ಮುಂದೇ ಐತಲ್ಲ."

ಹುಟ್ಟಿದಾಗಿನಿಂದ ಅವರಿಗೆ ನಾನು ಇಲ್ಲವೆಂದದ್ದು ಅದೇ ಮೊದಲು. ಅವರು ಎದ್ದು, ಪಂಚೆ ಕೊಡವಿಕೊಂಡು, ಬಂದ ದಾರಿಯಲ್ಲೇ ಬಸ್‌ಸ್ಟ್ಯಾಂಡಿಗೆ ಹೋದರು. ಸಾಕಿದವರಿಗೆ ಒಂದು ಗುಟುಕು ನೀರು ಕೊಡದ ಪಾಪಿ ಎಂದು ಇವತ್ತಿಗೂ ನೆಂಟರ ಬಾಯಲ್ಲಿ ನಾನಿದ್ದೇನೆ. ಇರಲಿ. ಅಂದು ನಾನು ಚೊಂಬು ತಂದಿದ್ದರೆ ಆಮೇಲೆ ಯಾವ ಮುಖ ಹೊತ್ತು ಆ ಬೀದಿಯಲ್ಲಿ ನಡೆಯಬೇಕಿತ್ತು?

ಗೃಹಪ್ರವೇಶದ ದಿನ ಬೆಳಗ್ಗೆ ಯಗಟಿಯಿಂದ ಯಾರೂ ಬರಲಿಲ್ಲ. ಆರುಮುಗಂ ತೋರಣ ಕಟ್ಟಿದ, ಗುಲಾಬಿಯವನು ಒಂದು ಡಬ್ಬವನ್ನೇ ಹೊತ್ತು ತಂದ, ಬೀಬಮ್ಮ ಹೊಸ ಹಾಸಿಗೆ ತಂದು ಹಾಸಿ ತಾನೇ ತಟ್ಟಿ ನೋಡಿದಳು. ಹಾಲು ಉಕ್ಕಿತು. ಗಿರಿಜೆ ಒಲೆಯ ಮುಂದೆ ಕಣ್ಣೊರೆಸಿಕೊಂಡು, ಹೊಗೆ ಎಂದಳು. ನಾನೂ ಹೊಗೆಯೆಂದೇ ಒಪ್ಪಿಕೊಂಡೆ.

ಊಟದ ಎಲೆ ಎತ್ತುವ ಹೊತ್ತಿಗೆ ಬಾಗಿಲಲ್ಲಿ ಅವ್ವ ನಿಂತಿದ್ದಳು. ಕಂಕುಳಲ್ಲಿ ಒಂದು ಗಂಟು, ಮುಖವೆಲ್ಲ ಬಸ್ಸಿನ ಧೂಳು. ಜೊತೆಗೆ ಯಾರೂ ಇರಲಿಲ್ಲ. ಗಿರಿಜೆ ಗಂಟು ಇಸಿದುಕೊಂಡು ಒಳಗೆ ಕರೆತಂದು ಚಾಪೆಯ ಮೇಲೆ ಕೂರಿಸಿದಳು.

"ದೊಡ್ಡಪ್ಪ ಕಳಿಸಿದ್ರಾ?" ಎಂದೆ.

"ಅವರೆಲ್ಲಿ ಕಳಿಸ್ತಾರೆ. ಬಾಗಿಲಾಗೇ ಕೂತಿದ್ರು. ನಾನು ಹೊಸ್ತಿಲು ದಾಟೋ ಹೊತ್ಗೆ, ಎಲ್ಲಿಗೆ ಹೊರಟೆ ಅಂತ ಕೇಳಿದ್ರು."

ನಾನು ಬೆಪ್ಪಾದೆ. ಆ ಮನೆಯಲ್ಲಿ ಯಾರೂ ಮರೆತೂ ಆಡದ ಮಾತದು. ಅವರು ಬೇಕೆಂದೇ ಕೇಳಿದ್ದರು, ಅವ್ವನನ್ನು ತಡೆಯಲು ಅದೊಂದು ಮಾತು ಸಾಕೆಂದು ಚೆನ್ನಾಗಿ ತಿಳಿದೇ ಕೇಳಿದ್ದರು.

"ಮತ್ತೆ ನೀನು ಒಳಗೋಗಿ ಕೂತ್ಕಳಲಿಲ್ವಾ?"

"ಕೂತಿದ್ರೆ ಏಳಾಕೆ ಬಿಡ್ತಿದ್ರೇನೋ? ಮಗನ ಮನೆಗೆ ಅಂದೆ, ಬಂದ್ಬಿಟ್ಟೆ." ಅವ್ವ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಬಾಯೆಲ್ಲ ಒಣಗೋಗೈತೆ ಕಣೋ. ಯಾರಾದ್ರೂ ನೀರು ಕೊಡ್ರಪ್ಪ."

ನಾನು ಏಳುವಷ್ಟರಲ್ಲಿ ಬೀಬಮ್ಮನ ಲೋಟ ಅವ್ವನ ಕೈಯಲ್ಲಿತ್ತು. ಅವ್ವ ಅವಳ ಮುಖ ನೋಡಿದಳು, ಲೋಟ ನೋಡಿದಳು, ಎತ್ತಿ ಗಟಗಟನೆ ಕುಡಿದಳು. ಆಮೇಲೆ ಲೋಟವನ್ನು ಅವಳ ಕಡೆಗೇ ಚಾಚಿ, "ಇನ್ನೊಂದೀಟು ಹಾಕವ್ವ" ಎಂದಳು.