ನಾನು ಕೂಡಿಸಿದ ಒಂದು ಗಂಟೆ

ಮೊನ್ನೆ ದಿಲ್ಲಿಯ ಲಕ್ಷ್ಮೀ ನಗರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಮಗಳ ಜನನ ಪತ್ರಕ್ಕೆ ಲ್ಯಾಮಿನೇಷನ್ ಹಾಕಿಸುತ್ತಿದ್ದೆ. ಯಂತ್ರದಿಂದ ಹಾಳೆ ಹೊರಬರುತ್ತಿದ್ದಂತೆ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ಯಾರಿಗಾದರೂ ಕಣ್ಣು ತುಂಬಿ ಬರುತ್ತದೆಯೇ? ನನಗೆ ಬಂತು. ಅಂಗಡಿಯ ಭಯ್ಯಾ ಧೂಳು ಬಿದ್ದಿರಬೇಕೆಂದು ಫ್ಯಾನನ್ನು ಅತ್ತ ತಿರುಗಿಸಿದ. ನಾನೂ ಹೌದು ಎಂದೆ.

ಎರಡು ಸಾವಿರದ ಐದೋ ಆರೋ ಇರಬೇಕು. ಎಂ.ಎ. ಮುಗಿಸಿ, ಇದೇ ಲಕ್ಷ್ಮೀ ನಗರದಲ್ಲಿ ರೂಮು ಹಿಡಿದು, ನೋಯ್ಡಾದ ಒಂದು ಆಫೀಸಿಗೆ ಬಸ್ಸಿನಲ್ಲಿ ಜೋತುಬಿದ್ದು ಹೋಗುತ್ತಿದ್ದೆ. ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸ ಏರ್ಪಡಿಸುವ ಕಂಪನಿಯೊಂದು ತನ್ನ ಕಾಗದಪತ್ರದ ಕೆಲಸವನ್ನೆಲ್ಲ ನಮಗೆ ಒಪ್ಪಿಸಿತ್ತು. ಅಲ್ಲಿಯ ಜನ ರಜೆ ಹಾಕಿ, ಹಳ್ಳಿಯಿಂದ ಹಳ್ಳಿಗೆ, ಕಡಲ ತೀರದುದ್ದಕ್ಕೂ, ದಿನಕ್ಕೆ ಇಪ್ಪತ್ತು ಮೂವತ್ತು ಮೈಲಿ ಸೈಕಲ್ ತುಳಿಯುತ್ತಾರೆ. ಪೆಟ್ಟಿಗೆಗಳು ವ್ಯಾನಿನಲ್ಲಿ ಮುಂದೆ ಹೋಗಿರುತ್ತವೆ. ಅವರ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಳ್ಳುವ ದಾರಿಯ ಹಾಳೆಗಳನ್ನು ತಯಾರಿಸುವುದು ನಾವು. ಚರ್ಚಿನ ಬಳಿ ಎಡಕ್ಕೆ, ಅರ್ಧ ಮೈಲಿಗೆ ಗಿರಣಿ, ಸೇತುವೆ ದಾಟಿ ಬಲಕ್ಕೆ... ಅಲ್ಲಿಯ ಮಳೆಗೆ ತಡೆಯಲೆಂದು ಲ್ಯಾಮಿನೇಷನ್ ಹಾಕಿ ಕಟ್ಟುಗಟ್ಟಲೆ ಕಳಿಸುತ್ತಿದ್ದೆವು. ದಾರಿ ತಪ್ಪಿದವರು ಫೋನ್ ಮಾಡಿದರೆ ಅದೂ ನಮಗೇ ಬರುತ್ತಿತ್ತು. ಇಂಗ್ಲೆಂಡಿನ ಯಾವುದೋ ಗೋಧಿ ಹೊಲದ ಬೇಲಿ ಪಕ್ಕ ನಿಂತವರಿಗೆ ನೋಯ್ಡಾದ ಮೂರನೇ ಮಹಡಿಯಿಂದ ದಾರಿ ಹೇಳುತ್ತಿದ್ದ ನಮ್ಮಲ್ಲಿ ಒಬ್ಬರೂ ಆ ದೇಶ ನೋಡಿದವರಲ್ಲ. ನನಗಂತೂ ನೆಟ್ಟಗೆ ಸೈಕಲ್ಲೇ ಬರುತ್ತಿರಲಿಲ್ಲ.

ಆ ಹಾಳೆಗಳನ್ನು ಬರೆಯುತ್ತಿದ್ದವರು ಸುಬೇದಾರ್ ಅಂಕಲ್. ಕೊಡಗಿನವರು. ಸೈನ್ಯದ ಫಿರಂಗಿ ದಳದಲ್ಲಿ ನಕ್ಷೆಯ ಕೆಲಸ ಮಾಡಿ ನಿವೃತ್ತರಾಗಿ ಬಂದಿದ್ದರು. ಆಫೀಸಿಗೆಲ್ಲ ಅವರು ‘ಸಾಬ್’, ನನಗೊಬ್ಬಳಿಗೆ ಅಂಕಲ್. ಅಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಮಧ್ಯಾಹ್ನ ಕ್ಯಾಂಟೀನಿನ ಮೂಲೆ ಮೇಜಿನಲ್ಲಿ ಡಬ್ಬಿ ಬಿಚ್ಚಿ ಕೂತರೆ, ಅರ್ಧ ಗಂಟೆ ಹಿಂದಿಯೂ ಇಲ್ಲ, ಇಂಗ್ಲಿಷೂ ಇಲ್ಲ. ಆ ಅರ್ಧ ಗಂಟೆಗಾಗಿಯೇ ನಾನು ಆಫೀಸಿಗೆ ಹೋಗುತ್ತಿದ್ದೆ ಎಂದರೂ ಸರಿಯೇ.

ಸುಮ್ಮನೆ ಹೇಳಬಾರದು, ನಕ್ಷೆಯನ್ನು ಅವರಂತೆ ಓದಿದವರನ್ನು ನಾನು ಬೇರೆ ಕಂಡಿಲ್ಲ. ಒಂದು ದಿನ ಹೆಂಗಸೊಬ್ಬಳು ಅಳುವ ದನಿಯಲ್ಲಿ ಫೋನ್ ಮಾಡಿದಳು. ಎಲ್ಲಿದ್ದೇನೋ ಗೊತ್ತಿಲ್ಲ, ಎದುರಿಗೊಂದು ಚರ್ಚ್ ಇದೆ, ಅಷ್ಟೇ. ಅದರ ಗೋಪುರ ದುಂಡಗಿದೆಯೋ ಚೌಕವಾಗಿದೆಯೋ ಎಂದು ಅಂಕಲ್ ಕೇಳಿದರು. ದುಂಡಗೆ ಎಂದಳು. ಕಣ್ಣು ಮುಚ್ಚಿಕೊಂಡು, ನಾನೂರು ಗಜ ಹಿಂದಕ್ಕೆ ಹೋಗಿ, ಇಳಿಜಾರು ಶುರುವಾಗುವ ಮೊದಲು ಬಲಕ್ಕೊಂದು ಸಣ್ಣ ಓಣಿ ಇದೆ ಎಂದರು. ಹತ್ತು ನಿಮಿಷಕ್ಕೆ ಮತ್ತೆ ಫೋನ್ ಬಂತು. ಓಣಿ ಸಿಕ್ಕಿತ್ತು. ನೀವು ಈ ಕಡೆಯವರೇನಾ ಎಂದು ಆಕೆ ಕೇಳಿದಾಗ ಅಂಕಲ್ ಮೀಸೆಯಡಿಯಲ್ಲೇ ನಕ್ಕು, ಪರಿಚಯ ಇದೆ ಮೇಡಂ ಎಂದಿದ್ದರು.

ಒಮ್ಮೆಯಾದರೂ ಇಂಗ್ಲೆಂಡಿಗೆ ಹೋಗಿ ಬರಬೇಕು ಎಂದು ಅವರು ಆಗಾಗ ಹೇಳುತ್ತಿದ್ದರು. ಇಷ್ಟು ಗೊತ್ತಿರುವವರಿಗೆ ಅಲ್ಲಿಗೆ ಹೋಗುವ ಹುಚ್ಚು ಯಾಕೆ ಎಂದು ನಾನೊಮ್ಮೆ ಕೀಟಲೆ ಮಾಡಿದೆ. ಅವರು ನಗಲಿಲ್ಲ.

“ಇಪ್ಪತ್ತೆಂಟು ವರ್ಷ ನಕ್ಷೆ ನೋಡಿದ್ದು ಗುಂಡು ಎಲ್ಲಿ ಬೀಳಬೇಕು ಅಂತ ಲೆಕ್ಕ ಹಾಕೋದಕ್ಕೆ ಕಣಮ್ಮ. ಟೀ ಅಂಗಡಿ ಎಲ್ಲಿದೆ ಅಂತ ನೋಡೋ ನಕ್ಷೆ ಸಿಕ್ಕಿದ್ದು ಇದೇ ಮೊದಲು. ಆ ದಾರೀಲಿ ಒಂದು ಸಲ ಹೋಗಿ, ಆ ಟೀ ಕುಡಿದು ಬರಬೇಕು.”

ಅದು ಕೈಗೂಡುವ ಹಾಗೆಯೇ ಆಯಿತು. ಉತ್ತರದ ಕಡಲ ತೀರದಲ್ಲಿ ಹೊಸ ದಾರಿಯೊಂದು ಶುರುವಾಗಿತ್ತು. ಹಾಳೆಯಲ್ಲಿ ಬರೆದದ್ದು ಸರಿಯಿದೆಯೇ ಎಂದು ಸೈಕಲ್ ತುಳಿದೇ ನೋಡಿ ಬರಲು ನಮ್ಮ ಆಫೀಸಿನಿಂದ ಒಬ್ಬರನ್ನು ಜೂನ್‌ನಲ್ಲಿ ಕಳಿಸುವುದೆಂದಾಯಿತು. ಅಂಕಲ್ಲನ್ನು ಬಿಟ್ಟು ಇನ್ನಾರನ್ನು ಕಳಿಸುತ್ತಾರೆ? ಅವರು ಮಾರನೇ ಭಾನುವಾರವೇ ಗೇರ್ ಇದ್ದ ಹಳೆಯ ಸೈಕಲ್ಲೊಂದನ್ನು ತಂದರು. ಬೆಳಗಾಗುವ ಮೊದಲೇ ಎದ್ದು ನೋಯ್ಡಾದ ಖಾಲಿ ರಸ್ತೆಗಳಲ್ಲಿ ತುಳಿಯುತ್ತಿದ್ದರು. ಏರು ಅಭ್ಯಾಸವಾಗಲೆಂದು ಒಂದೇ ಫ್ಲೈಓವರನ್ನು ಎಂಟೆಂಟು ಸಲ ಹತ್ತಿ ಇಳಿದು, ಟ್ರಾಫಿಕ್ ಪೊಲೀಸನ ಅನುಮಾನಕ್ಕೂ ಗುರಿಯಾಗಿದ್ದರು. ಒಂದು ಭಾನುವಾರ ಊಟಕ್ಕೆ ಕರೆದಿದ್ದರು. ಹೋಗಿ ನೋಡಿದರೆ ತಾರಸಿಯ ಮೇಲೆ ರೈನ್‌ಕೋಟ್ ತೊಟ್ಟು ಸೈಕಲ್ಲಿನ ಮೇಲೆ ಕೂತಿದ್ದಾರೆ! ಮಳೆಗೆ ತಡೆಯುತ್ತದೋ ನೋಡಬೇಕಂತೆ. ಆಂಟಿಯೂ ನಾನೂ ಬಕೆಟ್ಟುಗಟ್ಟಲೆ ನೀರು ಸುರಿದೆವು. “ಈ ವಯಸ್ಸಲ್ಲಿ ಇವರಿಗೆ ಮದುವೆ ಗಂಡಿನ ಸಂಭ್ರಮ” ಎಂದು ಆಂಟಿ ಗೊಣಗುತ್ತಲೇ ಇನ್ನೊಂದು ಬಕೆಟ್ ತುಂಬಿದರು. ಆ ದಿನ ಅವರು ನಕ್ಕಂತೆ ಮತ್ತೆ ನಕ್ಕದ್ದನ್ನು ನಾನು ನೋಡಲಿಲ್ಲ...

ಆ ಹೊಸ ದಾರಿಯಲ್ಲಿ ಒಂದು ಪುಟ್ಟ ದ್ವೀಪವಿತ್ತು. ಸಮುದ್ರ ಇಳಿದಾಗ ಅಲ್ಲಿಗೆ ರಸ್ತೆ ತೆರೆಯುತ್ತದೆ, ಉಕ್ಕಿದಾಗ ರಸ್ತೆ ನೀರಿನಡಿ ಸೇರುತ್ತದೆ. ಯಾವ ದಿನ ಎಷ್ಟು ಹೊತ್ತಿನವರೆಗೆ ದಾಟಬಹುದು ಎಂಬ ಪಟ್ಟಿ ವಾರವಾರವೂ ಬರುತ್ತಿತ್ತು. ಆದರೆ ಬೇಸಿಗೆಯಲ್ಲಿ ಆ ದೇಶದವರು ತಮ್ಮ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುತ್ತಾರೆ. ಪಟ್ಟಿ ಮಾತ್ರ ಹಳೆಯ ಗಂಟೆಯಲ್ಲೇ ಇರುತ್ತಿತ್ತು. ಹಾಗಾಗಿ ನಾವು ಒಂದು ಗಂಟೆ ಕೂಡಿಸಿ ಹೇಳಬೇಕು. ನಿದ್ದೆಗಣ್ಣಲ್ಲಿ ಕೇಳಿದರೂ ಒಂದು ಗಂಟೆ ಕೂಡಿಸು ಎನ್ನುವಷ್ಟು ಸಲ ಅಂಕಲ್ ನನಗೆ ಹೇಳಿದ್ದರು.

ಮೇ ತಿಂಗಳ ಒಂದು ಮಧ್ಯಾಹ್ನ ಅವರು ವೀಸಾದ ಕಾಗದ ಕೊಡಲು ಹೋಗಿದ್ದರು. ವಯಸ್ಸಾದ ಗಂಡಹೆಂಡತಿ ಆ ದ್ವೀಪದಿಂದ ಫೋನ್ ಮಾಡಿ, ಎಷ್ಟು ಹೊತ್ತಿನೊಳಗೆ ವಾಪಸು ದಾಟಬೇಕು ಎಂದು ಕೇಳಿದರು. ಅಂಕಲ್ಲಿನ ಮೇಜಿನ ಮೇಲೆ ಆ ವಾರದ ಪಟ್ಟಿಯ ಹೊಸ ಹಾಳೆ ಇತ್ತು. ಮೂರೂ ಹತ್ತು ಎಂದಿತ್ತು. ನಾನು ಜಾಣೆ, ಒಂದು ಗಂಟೆ ಕೂಡಿಸಿ ನಾಲ್ಕೂ ಹತ್ತು ಎಂದೆ. ಮರೆಯಲಿಲ್ಲವಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಫೋನ್ ಇಟ್ಟು ಎಷ್ಟೋ ಹೊತ್ತಿನ ಮೇಲೆ ಹಾಳೆಯ ಕೆಳತುದಿ ಕಣ್ಣಿಗೆ ಬಿತ್ತು. ಅಂಕಲ್ಲಿನ ಕೈಬರಹದಲ್ಲಿ ಒಂದು ಸಾಲು: ಗಂಟೆ ಕೂಡಿಸಿದೆ.

ಆ ಗಂಡಹೆಂಡತಿಯ ಮೊಬೈಲಿಗೆ ಮತ್ತೆ ಮತ್ತೆ ಮಾಡಿದೆ. ಹತ್ತಲಿಲ್ಲ.

ಸದ್ಯ, ಜೀವಕ್ಕೇನೂ ಆಗಲಿಲ್ಲ. ಅರ್ಧ ದಾರಿಯಲ್ಲಿ ನೀರು ಮೊಣಕಾಲಿಗೆ ಬಂದಾಗ, ಅಂಥವರಿಗೆಂದೇ ಕಂಬಗಳ ಮೇಲೆ ಕಟ್ಟಿದ್ದ ಗೂಡೊಂದನ್ನು ಹತ್ತಿ ಕೂತಿದ್ದರು. ದೋಣಿಯವರು ಬಂದು ಇಳಿಸಿಕೊಂಡರು. ಸೈಕಲ್ಲುಗಳು ಉಪ್ಪುನೀರಿನಲ್ಲಿ ಮುಳುಗಿದವು.

ಮಾರನೇ ದಿನ ದೂರು ಬಂತು. ಮ್ಯಾನೇಜರ್ ಕರೆಯುವ ಮೊದಲು ಅಂಕಲ್ ನನ್ನಿಂದ ಆ ಹಾಳೆ ಕೇಳಿ ತೆಗೆದುಕೊಂಡರು. ಕೆಳತುದಿ ನೋಡಿದರು. ನನ್ನ ಮುಖ ನೋಡಿದರು. ಮಡಚಿ ಜೇಬಿಗೆ ಹಾಕಿಕೊಂಡರು. ನನ್ನೊಡನೆ ಒಳಗೆ ಹೋಗಿ, ಗಂಟೆ ಕೂಡಿಸಿದ್ದೇನೆಂದು ಬರೆಯಲು ಮರೆತೆ, ಹುಡುಗಿ ನಾನು ಕಲಿಸಿದ ಹಾಗೆಯೇ ಮಾಡಿದ್ದಾಳೆ ಎಂದರು. ಮ್ಯಾನೇಜರ್ ನನ್ನತ್ತ ತಿರುಗಿ, ಹಾಳೆಯಲ್ಲಿ ಏನೂ ಬರೆದಿರಲಿಲ್ಲವೇ ಎಂದು ಕೇಳಿದ.

“ನಹೀ ಸರ್” ಎಂದೆ.

ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕೆಲಸ ಹೋದರೆ ಅಪ್ಪ ದಿಲ್ಲಿ ಬಿಡಿಸಿ ಅರಸೀಕೆರೆಯ ಗಂಡಿಗೆ ಕೊಟ್ಟು ಕೈತೊಳೆದುಕೊಳ್ಳಲು ಕಾಯುತ್ತಿದ್ದರು. ಕಾರಣ ಎಂದರೆ ಅದು. ಕಾರಣ ಇದ್ದ ಮಾತ್ರಕ್ಕೆ ಹೇಡಿತನ ಹೇಡಿತನ ಅಲ್ಲದೇ ಹೋಗುತ್ತದೆಯೇ? ನಾಲ್ಕು ಹೆಜ್ಜೆ ದೂರದಲ್ಲಿ, ಅವರ ಜೇಬಿನಲ್ಲೇ, ನಿಜ ಮಡಚಿಕೊಂಡು ಕೂತಿತ್ತು. ಅಂಕಲ್ಲಿನ ಪ್ರವಾಸ ರದ್ದಾಯಿತು. ಜೂನ್‌ನಲ್ಲಿ ಬೇರೆ ಯಾರೋ ಹೋಗಿ ಬಂದು, ಅಲ್ಲಿ ಬರೀ ಗಾಳಿ ಎಂದು ಹೇಳಿದರು.

ಅಂಕಲ್ ಮಾರನೇ ದಿನವೂ ಮೂಲೆ ಮೇಜಿನಲ್ಲಿ ಡಬ್ಬಿ ಬಿಚ್ಚಿ ನನಗಾಗಿ ಕಾದರು. ನಾನು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಊಟದ ಹೊತ್ತು ಬದಲಿಸಿದೆ. ಆಮೇಲೆ ಕಾಡಿ ಬೇಡಿ ಕೆಳಗಿನ ಮಹಡಿಯ ವಿಭಾಗಕ್ಕೆ ವರ್ಗ ಮಾಡಿಸಿಕೊಂಡೆ. ಒಂದು ಸಲ ಅಲ್ಲಿಗೂ ಬಂದು, ಕೈಯಲ್ಲಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರು. ನಾನು ಫೋನಿನಲ್ಲಿ ಮಾತಾಡುವವಳಂತೆ ನಟಿಸಿದೆ. ಸ್ವಲ್ಪ ಹೊತ್ತು ನಿಂತು ಹೋದರು. ವರ್ಷದೊಳಗೆ ಅವರು ಕೆಲಸ ಬಿಟ್ಟರು. ಬೀಳ್ಕೊಡುವ ದಿನ ನನಗೆ ಹಲ್ಲುನೋವು ಎಂದು ರಜೆ ಹಾಕಿದ್ದೆ.

ಕಳೆದ ಚಳಿಗಾಲದಲ್ಲಿ ದಿಲ್ಲಿಯ ಕನ್ನಡದವರ ಕಾರ್ಯಕ್ರಮವೊಂದರಲ್ಲಿ ಆಂಟಿ ಸಿಕ್ಕರು. ತಲೆ ಪೂರ್ತಿ ನೆರೆತಿತ್ತು. ದ್ವಾರಕಾದಲ್ಲಿ ಮಗಳ ಮನೆಯಲ್ಲಿದ್ದಾರಂತೆ. ಅಂಕಲ್ ತೀರಿಹೋಗಿ ನಾಲ್ಕು ವರ್ಷವಾಯಿತು ಎಂದರು. ಇಂಗ್ಲೆಂಡಿಗೆ ಹೋಗಲೇ ಇಲ್ಲ. ನನಗೆ ತಡೆಯಲಾಗಲಿಲ್ಲ. ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದೇ, ಹಾದುಹೋಗುವ ಜನರ ನಡುವೆ, ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ.

“ಅದು ನನಗೆ ಅವತ್ತೇ ಗೊತ್ತಮ್ಮ, ಆ ಹಾಳೆ ತಂದು ತೋರಿಸಿದ್ರು” ಎಂದರು ಆಂಟಿ. “ಹೋಗೋಕಾಗಲಿಲ್ಲ ಅಂತ ಒಂದು ದಿನಾನೂ ಅನ್ನಲಿಲ್ಲ. ಆದರೆ ಆ ಹುಡುಗಿ ಮಾತು ಯಾಕೆ ಬಿಟ್ಟಳು, ನಾನೇನು ತಪ್ಪು ಮಾಡಿದೆ ಅಂತ ಬಹಳ ದಿನ ಕೇಳ್ತಿದ್ರು. ನನಗೇನು ಗೊತ್ತು, ಏನಂತ ಹೇಳ್ಲಿ?”

ಇಷ್ಟು ವರ್ಷ ನಾನು ಅವರಿಂದ ಕಿತ್ತುಕೊಂಡದ್ದು ಇಂಗ್ಲೆಂಡ್ ಒಂದನ್ನೇ ಎಂದುಕೊಂಡಿದ್ದೆ. ನೀವು ಏನೂ ತಪ್ಪು ಮಾಡಿರಲಿಲ್ಲ ಅಂಕಲ್ ಎಂದು ಈಗ ಯಾರಿಗೆ ಹೇಳಲಿ...